ಅಮ್ಮಣ್ಣಿಯ ನಿವ್ವಳ ತೂಕ

“ತೂಕದ ವಿಷಯ ತಾನೇ? ನನಗೆ ಬಿಡು.”

ಈ ಮಾತನ್ನು ಯಾವ ಗಳಿಗೆಯಲ್ಲಿ ಆಡಿದೆನೋ ಕಾಣೆ. ಆಡುವಾಗ ಎದೆಯನ್ನು ನಾಲ್ಕು ಬೆರಳು ಮುಂದಕ್ಕೆ ಉಬ್ಬಿಸಿದ್ದೆ ಎಂದು ನನ್ನ ನೆನಪು. ಅದು ಎದೆಯಲ್ಲ, ಹೊಟ್ಟೆ ಎಂದು ನನ್ನ ಹೆಂಡತಿಯ ನೆನಪು.

ಉಬ್ಬುವುದಕ್ಕೆ ಕಾರಣವಂತೂ ಇತ್ತು. ಇಪ್ಪತ್ತೆರಡು ವರ್ಷದಿಂದ ನಾನು ವೇಬ್ರಿಡ್ಜ್ ನಡೆಸುತ್ತಿರುವವನು. ಜಲ್ಲಿ, ಸಿಮೆಂಟಿನ ಗೋದಾಮಿನ ಗೇಟಿನ ಪಕ್ಕ ನೆಲಕ್ಕೆ ಸಮನಾಗಿ ಒಂದು ಭಾರೀ ಕಬ್ಬಿಣದ ಹಾಸು ಇದೆ. ಲಾರಿ ಅದರ ಮೇಲೆ ನಿಲ್ಲುತ್ತದೆ, ಕಿಟಕಿಯೊಳಗೆ ಕೂತ ನಾನು ತೂಕ ಹೇಳುತ್ತೇನೆ. ತುಂಬಿದ ಲಾರಿಯ ತೂಕದಲ್ಲಿ ಖಾಲಿ ಲಾರಿಯ ತೂಕ ಕಳೆದರೆ ಉಳಿಯುವುದು ಮಾಲಿನ ನಿವ್ವಳ ತೂಕ. ವಿದ್ಯೆ ಇಷ್ಟೇ. ಆದರೆ ಇಷ್ಟು ವಿದ್ಯೆಗೆ ಮಣ್ಣೆರಚಲು ಬಂದವರು ಎಷ್ಟು ಜನ! ಸೀಟಿನ ಕೆಳಗೆ ಕಲ್ಲು ಬಚ್ಚಿಟ್ಟವರು, ಡ್ರಮ್ಮಿನ ತುಂಬ ನೀರು ಹೊತ್ತು ತಂದವರು, ಟಾರ್ಪಾಲಿನ ಅಡಿಯಲ್ಲಿ ಕ್ಲೀನರನ್ನು ಮಲಗಿಸಿ ‘ಲಾರಿ ಖಾಲಿ’ ಎಂದವರು. ಒಬ್ಬೊಬ್ಬರನ್ನೂ ಹಿಡಿದಿದ್ದೇನೆ. ದಿನಾ ಬರುವ ನಂಬಿಕೆಯ ಲಾರಿಗಳಿಗೆ ಮಾತ್ರ ಒಂದು ರಿಯಾಯಿತಿ ಉಂಟು. ಅವುಗಳ ಖಾಲಿ ತೂಕವನ್ನು ವರ್ಷಕ್ಕೊಮ್ಮೆ ತೆಗೆದು ಬಾಗಿಲ ಮೇಲೆ ಬಣ್ಣದಲ್ಲಿ ಬರೆದುಬಿಡುತ್ತೇವೆ. ಮತ್ತೆ ಮತ್ತೆ ತೂಗುವ ಗೋಜಿಲ್ಲ.

ಇನ್ನು ಅಮ್ಮಣ್ಣಿ. ಅಮ್ಮಣ್ಣಿ ನಮ್ಮ ಮನೆಯ ಬೆಕ್ಕು ಎಂದರೆ ತಪ್ಪಾಗುತ್ತದೆ. ನಾವು ಅಮ್ಮಣ್ಣಿಯ ಮನೆಯ ಮನುಷ್ಯರು. ಅವಳಿಗೆ ವಯಸ್ಸು ಹದಿನೇಳು, ನಮ್ಮ ಮದುವೆಗೆ ಹದಿನಾಲ್ಕು. ಹೆಂಡತಿ ತವರಿನಿಂದ ಬರುವಾಗ ಒಂದು ಹೊಲಿಗೆ ಯಂತ್ರವನ್ನೂ ಮೂರು ವರ್ಷದ ಈ ಬೆಕ್ಕನ್ನೂ ತಂದಳು. ಮನೆಯ ಹಿರಿತನದ ಪಟ್ಟಿಯಲ್ಲಿ ಅಮ್ಮಣ್ಣಿ ಮೊದಲು, ಹೊಲಿಗೆ ಯಂತ್ರ ಎರಡು, ನಾನು ಮೂರು. ಇದನ್ನು ನಾನು ಎಂದೂ ಪ್ರಶ್ನಿಸಿಲ್ಲ. ಪ್ರಶ್ನಿಸಿದ್ದರೆ ಇಸ್ತ್ರಿ ಪೆಟ್ಟಿಗೆಯ ಕೆಳಗೆ ನಾಲ್ಕಕ್ಕೆ ಇಳಿಯುತ್ತಿದ್ದೆ.

ತಮಾಷೆ ಬಿಟ್ಟು ಹೇಳುತ್ತೇನೆ. ನಮ್ಮತ್ತೆ ತೀರಿಕೊಂಡ ವರ್ಷ ಹೆಂಡತಿ ಯಾರ ಹತ್ತಿರವೂ ಮಾತಿಲ್ಲದೆ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ಆಗ ಅವಳ ತೊಡೆ ಹತ್ತಿ ಕೂತು, ಏಳೆಂದರೂ ಏಳದೆ ಇದ್ದವಳು ಅಮ್ಮಣ್ಣಿ. ನಾನು ಟೀ ಮಾಡಿ ತಂದಿಟ್ಟು, ಅದು ಆರಿದ ಮೇಲೆ ಎತ್ತಿಕೊಂಡು ಹೋಗುತ್ತಿದ್ದೆ. ನನ್ನ ಕೈಲಿ ಆದದ್ದು ಅಷ್ಟು. ಆದ್ದರಿಂದ ಅಮ್ಮಣ್ಣಿಗೆ ಏನಾದರೂ ಆದರೆ ಈ ಮನೆಯಲ್ಲಿ ಏನಾಗುತ್ತದೆ ಎಂಬುದು ನನಗೂ ಗೊತ್ತಿತ್ತು.

ಅಂಥ ಅಮ್ಮಣ್ಣಿ ತೂಕದಲ್ಲಿ ಇಳಿಯತೊಡಗಿದಳು. ಡಾಕ್ಟರಮ್ಮನ ಬಳಿ ಕರೆದೊಯ್ದೆವು. ನಾಲ್ಕು ಕೆಜಿ ಇದ್ದವಳು ಮೂರು ಕೆಜಿ ನೂರು ಗ್ರಾಮಿಗೆ ಬಂದಿದ್ದಳು. ರಕ್ತ ಪರೀಕ್ಷೆಯಲ್ಲಿ ದೊಡ್ಡ ದೋಷವೇನೂ ಕಾಣಲಿಲ್ಲ. ಬಾಯಿ ನೋಡೋಣವೆಂದು ಡಾಕ್ಟರಮ್ಮ ಕೈ ಹಾಕಿದರೆ ಅಮ್ಮಣ್ಣಿ ಅವರ ಮಣಿಕಟ್ಟಿನ ಮೇಲೆ ಮೂರು ಗೆರೆ ಎಳೆದಳು. ಅವರು ಬೇಸರ ಮಾಡಿಕೊಳ್ಳದೆ ಔಷಧಿ ಹಚ್ಚಿಕೊಂಡು ಹೇಳಿದರು:

“ಮೂರು ವಾರ ಚೆನ್ನಾಗಿ ತಿನ್ನಿಸಿ ನೋಡಿ. ಹೇಗೆ ತಿಂತಾಳೆ ಅನ್ನೋದನ್ನ ಗಮನಿಸಿ. ವಾರಕ್ಕೊಂದು ಸಲ ತೂಕ ನೋಡಿ, ಇಳೀತು ಅಂದ್ರೆ ತಕ್ಷಣ ಕರ್ಕೊಂಡು ಬನ್ನಿ. ಮೂರರ ಕೆಳಗೆ ಹೋದ್ರೆ, ಈ ವಯಸ್ಸಲ್ಲಿ ನಮ್ಮ ಕೈಲಿ ಹೆಚ್ಚೇನೂ ಇರಲ್ಲ.”

ಹೆಂಡತಿಯ ಮುಖ ಸಣ್ಣಗಾಯಿತು. ಮನೆಯಲ್ಲಿ ಅವಳ ಹೊಲಿಗೆಯ ಮೇಜಿನ ಮೇಲೆ ಶಾಲೆಯೊಂದರ ಇನ್ನೂರು ಸಮವಸ್ತ್ರಗಳು ಕತ್ತರಿಗೆ ಕಾಯುತ್ತಿದ್ದವು. ಆಗಲೇ ನಾನು ಮೊದಲು ಹೇಳಿದ ಆ ಐತಿಹಾಸಿಕ ಮಾತನ್ನು ಆಡಿದ್ದು.

“ಲಾರಿ ಅಲ್ಲ ರೀ ಅದು” ಎಂದಳು ಹೆಂಡತಿ.

“ಸಿದ್ಧಾಂತ ಒಂದೇ ಕಣೇ.”

ಮರುದಿನ, ಭಾನುವಾರ, ಬಚ್ಚಲುಮನೆಯಲ್ಲಿ ನಮ್ಮ ಮನೆಯ ವೇಬ್ರಿಡ್ಜ್ ಉದ್ಘಾಟನೆಯಾಯಿತು. ಮನುಷ್ಯರು ನಿಂತು ತೂಗಿಕೊಳ್ಳುವ ಚಪ್ಪಟೆ ಯಂತ್ರ ನಮ್ಮಲ್ಲಿತ್ತು. ಬೆಕ್ಕನ್ನು ಒಂಟಿಯಾಗಿ ಅದರ ಮೇಲೆ ನಿಲ್ಲಿಸಿದರೆ ಅಂಕಿ ನಿಲ್ಲುವ ಮೊದಲೇ ಬೆಕ್ಕು ಇಳಿದು ಹೋಗಿರುತ್ತದೆ. ಅದಕ್ಕೆ ನನ್ನ ಉಪಾಯ ಸಿದ್ಧವಾಗಿತ್ತು. ನಾನೇ ಲಾರಿ, ಅಮ್ಮಣ್ಣಿಯೇ ಮಾಲು! ಮೊದಲು ನಾನೊಬ್ಬನೇ ನಿಂತೆ. ಎಪ್ಪತ್ತೆರಡು ಪಾಯಿಂಟ್ ನಾಲ್ಕು. ಅದನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ದೊಡ್ಡದಾಗಿ ಬರೆದೆ. ಹತ್ತು ವರ್ಷದಿಂದ ಅಷ್ಟರಲ್ಲೇ ಇರುವ ಮನುಷ್ಯ ನಾನು. ನಂಬಿಕೆಯ ಲಾರಿಗೆ ಸಲ್ಲುವ ಮರ್ಯಾದೆ ನನಗೂ ಸಲ್ಲಬೇಡವೇ? ಆಮೇಲೆ ಅಮ್ಮಣ್ಣಿಯನ್ನು ಅಪ್ಪಿಕೊಂಡು ನಿಂತೆ. ಎಪ್ಪತ್ತೈದು ಪಾಯಿಂಟ್ ಐದು. ಕಳೆದರೆ ಮೂರು ಪಾಯಿಂಟ್ ಒಂದು. ಡಾಕ್ಟರಮ್ಮ ಹೇಳಿದ ತೂಕಕ್ಕೆ ಗ್ರಾಮಿನಷ್ಟೂ ಆಚೀಚೆ ಇಲ್ಲ. ಹೆಂಡತಿಯನ್ನು ಕೂಗಿ ತೋರಿಸಿದೆ. ಅವಳ ಬಾಯಲ್ಲಿ ಗುಂಡುಪಿನ್ನುಗಳಿದ್ದುದರಿಂದ ಹೊಗಳಲಾಗದೆ ತಲೆಯಾಡಿಸಿದಳು.

ಇನ್ನು ಊಟ. ಅಡುಗೆಮನೆಯಲ್ಲಿ ನಾನು ಹಾಗೆ ದುಡಿದದ್ದನ್ನು ನಮ್ಮಮ್ಮ ನೋಡಿದ್ದರೆ ನಂಬುತ್ತಿರಲಿಲ್ಲ. ಬೆಳಿಗ್ಗೆ ಕೋಳಿ ಬೇಯಿಸಿ ಎಳೆ ಎಳೆಯಾಗಿ ಬಿಡಿಸುತ್ತಿದ್ದೆ. ಸಂಜೆ ಹೆಂಡತಿಯ ಸೂಜಿ ಪೋಣಿಸುವ ಕನ್ನಡಕ ಹಾಕಿಕೊಂಡು ಮೀನಿನ ಮುಳ್ಳು ಆಯುತ್ತಿದ್ದೆ. ಮೊಟ್ಟೆಯ ಹಳದಿ, ಹಾಲಿನ ಕೆನೆ, ಬೆಣ್ಣೆಯ ತುಣುಕು, ಯಾವುದಕ್ಕೂ ಕೈ ಹಿಂದೆ ತೆಗೆಯಲಿಲ್ಲ. ಅಮ್ಮಣ್ಣಿ ನಿಧಾನವಾಗಿ ಬರುವಳು, ಮೂಸುವಳು, ಕೋಳಿ ಬೆಂದ ತಿಳಿಯನ್ನು ಎರಡು ಸಲ ನೆಕ್ಕುವಳು, ತಲೆ ಒಂದು ಕಡೆಗೆ ವಾಲಿಸಿ ಒಂದು ತುಣುಕನ್ನು ಬಾಯಿಗೆ ತೆಗೆದುಕೊಂಡು ಕೆಳಗೆ ಉದುರಿಸುವಳು, ನನ್ನನ್ನೊಮ್ಮೆ ನೋಡಿ ಹೊರಟುಹೋಗುವಳು. ಉಪ್ಪು ಕಡಿಮೆ ಎಂದು ಸೊಸೆಗೆ ಹೇಳದೆಯೇ ಹೇಳುವ ಅತ್ತೆಯ ನೋಟ ಅದು.

ಉಳಿದದ್ದನ್ನು ಏನು ಮಾಡುವುದು? ಅನ್ನ ಚೆಲ್ಲಬಾರದು ಎಂದು ನನ್ನನ್ನು ಬೆಳೆಸಿದ್ದಾರೆ. ಸ್ವಲ್ಪ ಉಪ್ಪು, ಸ್ವಲ್ಪ ಮೆಣಸಿನ ಪುಡಿ ಬಿದ್ದರೆ ಬೆಕ್ಕಿನ ಊಟ ಏನೂ ಕೆಟ್ಟದ್ದಲ್ಲ. ಮೊದಲೆರಡು ದಿನ ನಾನು ತಿಂದದ್ದು ಪಾತ್ರೆಯಲ್ಲಿ ಉಳಿದದ್ದನ್ನು ಮಾತ್ರ, ಅಮ್ಮಣ್ಣಿಯ ಬಟ್ಟಲಿನದನ್ನಲ್ಲ. ಆಮೇಲೆ ಆ ಭೇದಭಾವವೂ ಉಳಿಯಲಿಲ್ಲ. ಅದಲ್ಲದೆ ನನ್ನ ಎರಡು ಹೊತ್ತಿನ ಊಟವಂತೂ ಇದ್ದೇ ಇತ್ತು. ಅದನ್ನು ಬಿಟ್ಟರೆ ಹೆಂಡತಿಗೆ ಅನುಮಾನ ಬರುತ್ತಿತ್ತು.

ಮುಂದಿನ ಭಾನುವಾರ ಅಮ್ಮಣ್ಣಿಯ ಸಮೇತ ಯಂತ್ರ ಹತ್ತಿದೆ. ಎಪ್ಪತ್ತಾರು ಪಾಯಿಂಟ್ ಒಂದು. ಗೋಡೆಯ ಮೇಲಿನ ಅಂಕಿ ಕಳೆದೆ. ಮೂರು ಪಾಯಿಂಟ್ ಏಳು! ಒಂದೇ ವಾರದಲ್ಲಿ ಆರುನೂರು ಗ್ರಾಂ! ದಿನಕ್ಕೆ ಎರಡು ನೆಕ್ಕು ನೆಕ್ಕಿದ ಬೆಕ್ಕು ಇಷ್ಟು ಏರುವುದು ಹೇಗೆ ಎಂದು ಬೇರೆ ಯಾರಾದರೂ ಆಗಿದ್ದರೆ ಯೋಚಿಸುತ್ತಿದ್ದರು. ನಾನೂ ಯೋಚಿಸಿದೆ. ಎರಡೇ ನೆಕ್ಕಿಗೆ ಆರುನೂರು ಗ್ರಾಂ ಕೊಡಬೇಕಾದರೆ ನಾನು ಮಾಡಿದ ತಿಳಿಯ ಸತ್ವ ಎಂಥದ್ದಿರಬೇಕು ಎಂದು ಯೋಚಿಸಿದೆ.

ಸೋಮವಾರ ಗೋದಾಮಿನಲ್ಲಿ ಇದೇ ಮಾತು. ನಮ್ಮಲ್ಲಿ ಒಬ್ಬ ಲೋಡರ್ ಇದ್ದಾನೆ, ಅಡ್ಡಹೆಸರು ಕ್ವಿಂಟಲ್. ಬಟ್ಟೆ ಒದ್ದೆ ಮಾಡಿ ತೂಗಿದರೂ ಅರ್ಧ ಕ್ವಿಂಟಲ್ ದಾಟದವನು. ಬೆಕ್ಕನ್ನು ಸಾಕುವ ಶಾಸ್ತ್ರವನ್ನು ಅವನಿಗೆ ಒಂದು ಗಂಟೆ ಬೋಧಿಸಿದೆ. ಎಲ್ಲವನ್ನೂ ಕೇಳಿ ಅವನು, ನಿಮ್ಮ ಬೆಲ್ಟು ಹೊಸ ತೂತಿಗೆ ಬಂದಿದೆಯಲ್ಲ ಸಾರ್ ಎಂದು ಕೇಳಿದ. ಚರ್ಮ ಒಣಗಿದರೆ ಕುಗ್ಗುತ್ತದೆ ಎಂದು ಅದನ್ನೂ ಬೋಧಿಸಿದೆ. ಪ್ಯಾಂಟು ಬಿಗಿಯಾದದ್ದಕ್ಕೆ ಒಗೆಯುವ ಯಂತ್ರವೇ ಕಾರಣವೆಂದು ಅಷ್ಟರಲ್ಲಿ ನಾನು ತೀರ್ಮಾನಿಸಿದ್ದೆ. ಕಣ್ಣು ಮುಚ್ಚಿ ಹಾಲು ಕುಡಿಯುವುದು ಬೆಕ್ಕುಗಳಿಗೆ ಮಾತ್ರ ಬರುವ ವಿದ್ಯೆಯಲ್ಲ.

ಎರಡನೆಯ ವಾರ ನಿವ್ವಳ ನಾಲ್ಕು ಪಾಯಿಂಟ್ ಐದು. ಫ್ರಿಜ್ಜಿನ ಬಾಗಿಲ ಮೇಲೆ ಏರುಗೆರೆಯ ನಕ್ಷೆಯೊಂದನ್ನು ಅಂಟಿಸಿದೆ. ಮೂರು ಬಣ್ಣ ಬಳಸಿದ್ದೆ. ಹೆಂಡತಿ ಬಂದು ನಕ್ಷೆ ನೋಡಿದಳು, ಆಮೇಲೆ ತನ್ನ ತೊಡೆಯ ಮೇಲಿನಿಂದ ಎತ್ತಿಕೊಂಡು ಬಂದಿದ್ದ ಅಮ್ಮಣ್ಣಿಯನ್ನು ನೋಡಿದಳು.

“ಇವಳನ್ನ ಎತ್ತಿದ್ರೆ ಬರೀ ಬಟ್ಟೆ ಎತ್ತಿದ ಹಾಗಿದೆ ರೀ. ಬೆನ್ನಿನ ಮೂಳೆ ಕೈಗೆ ಸಿಗ್ತಿದೆ.”

“ಕೈ ಅಂದಾಜೇ ಸಾಕಾಗಿದ್ರೆ ಜಗತ್ತಲ್ಲಿ ತಕ್ಕಡಿ ಯಾಕೆ ಹುಟ್ತಿತ್ತು? ಕೈಗೆ ಮನಸ್ಸಿರುತ್ತೆ ಕಣೇ, ಅದು ಸುಳ್ಳು ಹೇಳುತ್ತೆ. ಯಂತ್ರಕ್ಕೆ ಮನಸ್ಸಿಲ್ಲ.”

ಎಂಥ ಮಾತು! ಹೇಳಿದ ಮೇಲೆ ನನಗೇ ರೋಮಾಂಚನವಾಯಿತು. ಅವಳು ಅಮ್ಮಣ್ಣಿಯನ್ನು ಎತ್ತಿಕೊಂಡೇ ಹೊಲಿಗೆಗೆ ಮರಳಿದಳು. ನಾನು ಗೆದ್ದೆನೆಂದುಕೊಂಡೆ.

ಅಮ್ಮಣ್ಣಿ ಮೊದಲೆಲ್ಲ ಬಟ್ಟೆ ಕತ್ತರಿಸುವ ಮೇಜಿಗೆ ಒಂದೇ ನೆಗೆತಕ್ಕೆ ಹಾರುತ್ತಿದ್ದವಳು, ಈಗ ಕೆಳಗೆ ಕೂತು ಮೇಲೆ ನೋಡುತ್ತಿದ್ದಳು. ಹೆಂಡತಿ ಒಂದು ಗಿಡ್ಡ ಸ್ಟೂಲನ್ನು ಮೇಜಿಗೆ ಒತ್ತಿ ಇಟ್ಟಳು. ಅಮ್ಮಣ್ಣಿ ಅದರ ಮೇಲೆ ಮೊದಲು ಮುಂಗಾಲು, ಸ್ವಲ್ಪ ಹೊತ್ತು ಬಿಟ್ಟು ಹಿಂಗಾಲು ಇಟ್ಟು ಹತ್ತುತ್ತಿದ್ದಳು. ನನಗೆ ಇದರ ಅರ್ಥ ಬೇರೆಯೇ ಹೊಳೆಯಿತು. ಮೈ ಭಾರವಾಗಿ ಹಾರಲಾಗುತ್ತಿಲ್ಲ! ಮುದಿ ಬೆಕ್ಕಿಗೆ ಬೊಜ್ಜು ಒಳ್ಳೆಯದಲ್ಲ. ಹೀಗೆ ಯೋಚಿಸಿ, ಮೂರನೆಯ ವಾರ ನಾನು ಮಾಡಿದ್ದೇನೆಂದು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಅಮ್ಮಣ್ಣಿಗೆ ಪಥ್ಯ ಮಾಡಿಸಿದೆ. ಸಂಜೆಯ ಬಟ್ಟಲು ರದ್ದು! ಅಡುಗೆ ಮಾತ್ರ ರೂಢಿಯ ಬಲದಿಂದ ನಡೆಯುತ್ತಲೇ ಇತ್ತು. ಹೆಂಡತಿ ಸಮವಸ್ತ್ರಗಳ ರಾಶಿಯ ಹಿಂದೆ ಕಾಣದಂತಿದ್ದಳು. ಮೀನು ವ್ಯರ್ಥವಾಗದಂತೆ ನಾನು ನೋಡಿಕೊಂಡೆ.

ಪಥ್ಯದ ವಾರದ ಕೊನೆಗೆ ತೂಗಿದರೆ ಐದು ಪಾಯಿಂಟ್ ಎರಡು. ಉಪವಾಸವಿದ್ದೂ ಏಳುನೂರು ಗ್ರಾಂ ಏರಿದ ಪ್ರಾಣಿ ಚರಿತ್ರೆಯಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ಸೋಮವಾರ ಡಾಕ್ಟರಮ್ಮನಲ್ಲಿಗೆ ಹೊರಟೆವು. ಬುಟ್ಟಿಯನ್ನು ಹೆಂಡತಿ ಹಿಡಿದಿದ್ದಳು, ನಕ್ಷೆಯನ್ನು ನಾನು ಹಿಡಿದಿದ್ದೆ. ಮಡಚಿದರೆ ಗೆರೆ ಬೀಳುತ್ತದೆಂದು ಸುರುಳಿ ಸುತ್ತಿಕೊಂಡಿದ್ದೆ. ಡಾಕ್ಟರಮ್ಮನ ಮುಂದೆ ಅದನ್ನು ಬಿಚ್ಚಿ, ಮೂರು ಬಣ್ಣಗಳ ಅರ್ಥ ವಿವರಿಸಿ, ಮುಗುಳ್ನಗುತ್ತ ನಿಂತೆ. ಅವರು ನಕ್ಷೆಯನ್ನು ಗೌರವದಿಂದಲೇ ನೋಡಿದರು. ಆಮೇಲೆ ಅಮ್ಮಣ್ಣಿಯನ್ನು ಮೇಜಿನ ಮೇಲಿನ ಯಂತ್ರದಲ್ಲಿ ಕೂರಿಸಿದರು. ಅಮ್ಮಣ್ಣಿ ಈ ಸಲ ಇಳಿದು ಓಡಲಿಲ್ಲ. ಸುಮ್ಮನೆ ಕೂತಳು.

ಎರಡು ಕೆಜಿ ಎಂಟುನೂರು ಗ್ರಾಂ.

“ನಿಮ್ಮ ಯಂತ್ರ ಕೆಟ್ಟಿದೆ” ಎಂದೆ.

ಇಪ್ಪತ್ತೆರಡು ವರ್ಷದ ಅನುಭವ ಆ ಕ್ಷಣದಲ್ಲಿ ಸುಮ್ಮನಿರಲು ಸಾಧ್ಯವೇ? ಯಂತ್ರಕ್ಕೆ ಕೊನೆಯ ಸಲ ಮುದ್ರೆ ಹಾಕಿಸಿದ್ದು ಯಾವಾಗ, ಮಟ್ಟ ಸರಿಯಿದೆಯೇ, ಪರೀಕ್ಷೆಯ ತೂಕದ ಬಟ್ಟುಗಳೆಲ್ಲಿ ಎಂದು ಒಂದೇ ಉಸಿರಿನಲ್ಲಿ ಕೇಳಿದೆ. ಡಾಕ್ಟರಮ್ಮ ಕಂಪೌಂಡರಿಗೆ ಕಣ್ಣು ಮಾಡಿದರು. ಅವರು ನಾಯಿ ಆಹಾರದ ಐದು ಕೆಜಿಯ ಮೊಹರಿನ ಚೀಲವೊಂದನ್ನು ತಂದು ಯಂತ್ರದ ಮೇಲಿಟ್ಟರು. ಯಂತ್ರ ಐದು ಎಂದಿತು.

“ಮನೇಲಿ ಹೇಗೆ ತೂಗ್ತಿದ್ರಿ?” ಎಂದು ಡಾಕ್ಟರಮ್ಮ ಕೇಳಿದರು.

ಹೇಳಿದೆ. ಲಾರಿ, ಮಾಲು, ಖಾಲಿ ತೂಕ, ನಿವ್ವಳ, ಎಲ್ಲವನ್ನೂ. ಹೇಳುತ್ತ ಹೇಳುತ್ತ ದನಿ ತಾನಾಗಿ ತಗ್ಗಿತು.

“ನಿಮ್ಮ ತೂಕ ಪ್ರತಿ ವಾರ ನೋಡ್ತಿದ್ರಾ?”

“ಇಲ್ಲ, ಗೋಡೆ ಮೇಲೆ ಬರೆದಿದ್ದೆ.”

“ಸ್ವಲ್ಪ ಅದರ ಮೇಲೆ ನಿಲ್ಲಿ.”

‘ಅದು’ ಎಂದರೆ ಮೂಲೆಯಲ್ಲಿ ನೆಲಕ್ಕೆ ಹಾಸಿದ್ದ, ದೊಡ್ಡ ನಾಯಿಗಳನ್ನು ತೂಗುವ ಯಂತ್ರ. ಪಕ್ಕದಲ್ಲಿ ಒಂದು ಬೇಟೆನಾಯಿ ತನ್ನ ಸರದಿಗೆ ಕಾಯುತ್ತಿತ್ತು. ಅದು ಸರಿದು ಜಾಗ ಬಿಟ್ಟಿತು. ಚಪ್ಪಲಿ ಕಳಚಿದೆ, ಜೇಬಿನ ಬೀಗದ ಕೈಗೊಂಚಲನ್ನೂ ತೆಗೆದಿಟ್ಟೆ. ಎಪ್ಪತ್ತನಾಲ್ಕು ಪಾಯಿಂಟ್ ಎಂಟು. ಡಾಕ್ಟರಮ್ಮ ಎರಡೂ ಅಂಕಿಗಳನ್ನು ಕಾಗದದ ಮೇಲೆ ಕೂಡಿಸಿ, ನನ್ನ ನಕ್ಷೆಯ ಪಕ್ಕದಲ್ಲಿಟ್ಟರು.

“ಎಪ್ಪತ್ತೇಳು ಪಾಯಿಂಟ್ ಆರು. ಒಟ್ಟು ನೀವು ಹೇಳಿದ್ದೇ ಸರಿಯಾಗಿದೆ ಸಾರ್. ಹಂಚಿಕೆ ಮಾತ್ರ ತಪ್ಪಿದೆ.”

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಅದನ್ನು ಚಾಚೂ ತಪ್ಪದೆ ಪಾಲಿಸಿದವನು ನಾನೊಬ್ಬನೇ ಇರಬೇಕು. ಮಾಡಿದೆ, ಉಂಡೆ, ಉಂಡದ್ದನ್ನು ಬೆಕ್ಕಿನ ಹೆಸರಿಗೆ ಬರೆದೆ! ಕಂಪೌಂಡರು ಗೋಡೆಯ ಕಡೆ ತಿರುಗಿಕೊಂಡರು. ಅವರ ಹೆಗಲು ಕುಲುಕುತ್ತಿತ್ತು. ನಾನೂ ನಗಲು ಹೊರಟವನು ಹೆಂಡತಿಯ ಕಡೆ ನೋಡಿ ನಿಲ್ಲಿಸಿದೆ. ಅವಳು ನಗುತ್ತಿರಲಿಲ್ಲ. ಅಮ್ಮಣ್ಣಿಯ ಬೆನ್ನ ಮೇಲೆ ಕೈ ಇಟ್ಟುಕೊಂಡು, ಯಂತ್ರದ ಅಂಕಿಯನ್ನೇ ನೋಡುತ್ತಿದ್ದಳು. ಮೂರರ ಕೆಳಗೆ. ಆಗ ನನಗಾದ ನಾಚಿಕೆ ನನ್ನ ಶತ್ರುವಿಗೂ ಬೇಡ.

ಆ ದಿನ ಬಾಯಿ ತೆರೆಸಿದರೆ ಪರಚುವ ಶಕ್ತಿಯೂ ಅಮ್ಮಣ್ಣಿಗೆ ಇರಲಿಲ್ಲ. ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿದರು. ಒಳಗಡೆಯ ಒಂದು ದವಡೆ ಹಲ್ಲು ಬೇರಿನವರೆಗೆ ಕೊಳೆತು ವಸಡು ಊದಿತ್ತು. ಹಸಿವಾಗಿ ಬರುತ್ತಿದ್ದಳು, ಅಗಿಯಲಾರದೆ ನೆಕ್ಕಿ ಹೋಗುತ್ತಿದ್ದಳು. ಮೂರು ವಾರ ಅವಳು ತಲೆ ವಾಲಿಸಿ ತುಣುಕನ್ನು ಉದುರಿಸಿದ್ದನ್ನು ದಿನಾ ಎದುರಿಗೇ ಕೂತು ನೋಡಿದ್ದೇನೆ. ನನ್ನ ಗಮನವೆಲ್ಲ ಉದುರಿದ ತುಣುಕಿನ ಮೇಲಿತ್ತು.

ಹಲ್ಲು ಕೀಳಲೇಬೇಕು, ಮಂಪರು ಕೊಡಬೇಕು, ಈ ತೂಕದಲ್ಲಿ ಅದು ಅಪಾಯ, ಕೀಳದಿದ್ದರೆ ಇನ್ನೂ ಅಪಾಯ ಎಂದರು ಡಾಕ್ಟರಮ್ಮ. ಹೆಂಡತಿ ಮಾಡಿ ಎಂದಳು. ನಮ್ಮನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ನಕ್ಷೆ ನನ್ನ ಕೈಯಲ್ಲೇ ಇತ್ತು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಅದರ ಮೇಲೇ ಕೂತೆ.

ಹೆಂಡತಿ ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು.

“ಹೋದ ತಿಂಗಳು ಹೊಲಿಸ್ಕೊಂಡು ಹೋದವರು ಈ ತಿಂಗಳು ಬಂದ್ರೂ ನಾನು ಮತ್ತೆ ಟೇಪು ಹಿಡೀತೀನಿ. ಹಳೇ ಅಳತೆಗೆ ಕತ್ತರಿ ಹಾಕಲ್ಲ.”

“ಹೌದು.”

“ನೀವು ತಿಂದಿದ್ದಕ್ಕಲ್ಲ ನನಗೆ ಬೇಜಾರು. ನನ್ನ ಕೈ ಸುಳ್ಳು ಹೇಳುತ್ತೆ ಅಂದ್ರಲ್ಲ, ಅದಕ್ಕೆ. ನಾನೂ ನಂಬಿಬಿಟ್ಟೆ.”

“ತಪ್ಪಾಯ್ತು” ಎಂದೆ. ಹದಿನಾಲ್ಕು ವರ್ಷದಲ್ಲಿ ಆ ಮಾತಿನ ಹಿಂದೆ ‘ಆದರೆ’ ಸೇರಿಸದೆ ಹೇಳಿದ್ದು ಅದೇ ಮೊದಲು. ಅವಳು ಎದ್ದು ಹೋಗಲಿಲ್ಲ. ಆ ಅರ್ಧ ಗಂಟೆಯಲ್ಲಿ ನಾನು ಬಾಗಿಲ ಹಿಡಿಯನ್ನು ನೋಡಿದಷ್ಟು ಯಾವ ಲಾರಿಯನ್ನೂ ನೋಡಿಲ್ಲ.

ಕೊನೆಗೆ ಬಾಗಿಲು ತೆರೆಯಿತು. ಅಮ್ಮಣ್ಣಿ ಅರೆಗಣ್ಣು ಬಿಟ್ಟು, ನಾಲಿಗೆಯ ತುದಿ ಹೊರಗೆ ಹಾಕಿ, ಕಂಪೌಂಡರ ತೋಳಿನಲ್ಲಿ ಮಲಗಿದ್ದಳು. ಉಸಿರಾಡುತ್ತಿದ್ದಳು. ಹೆಂಡತಿ ಅಲ್ಲೇ ಅತ್ತಳು. ನಾನೂ ಅತ್ತೆ. ಅದನ್ನು ಬೇಟೆನಾಯಿ ಮಾತ್ರ ನೋಡಿತು.

ಔಷಧದಂಗಡಿಯವನು ಚೀಟಿಯನ್ನು ಜೋರಾಗಿ ಓದಿ ಔಷಧಿ ತೆಗೆಯುವ ಮನುಷ್ಯ. ನೋವಿಗೆ ಹನಿ, ಊತಕ್ಕೆ ಗುಳಿಗೆ ಎಂದು ಓದಿದವನು ಮೂರನೆಯದಕ್ಕೆ ತಡವರಿಸಿದ. ‘ಜೊತೆಗಿರುವವರು ರೋಗಿಯ ಪಾಲನ್ನು ತಿನ್ನಬಾರದು.’ ಇದು ಯಾರಿಗೆ ಎಂದು ಕೇಳಿದ. ಸಾಲಿನಲ್ಲಿ ಏಳೆಂಟು ಜನರಿದ್ದರು. ಹೆಂಡತಿ ಬೆರಳು ಮಾಡಿ ತೋರಿಸಿದಳು.

ಅಂದಿನಿಂದ ಆಡಳಿತ ಬದಲಾಯಿತು. ಕೋಳಿಯನ್ನು ನುಣ್ಣಗೆ ಅರೆದು, ತಿಳಿ ಬೆರೆಸಿ, ನಾನು ನೆಲದ ಮೇಲೆ ಕೂತು ಬೆರಳ ತುದಿಯಿಂದ ನೆಕ್ಕಿಸಬೇಕು. ಬಟ್ಟಲು ಖಾಲಿಯಾದ ಮೇಲೆ ಹೆಂಡತಿಗೆ ತೋರಿಸಬೇಕು. ಬಟ್ಟಲನ್ನು ಮಾತ್ರವಲ್ಲ, ನನ್ನ ಬಾಯನ್ನೂ. ಮೊದಲ ವಾರ ಅಮ್ಮಣ್ಣಿ ಎರಡು ಬೆರಳಷ್ಟು ತಿಂದಳು. ಆಮೇಲೆ ನಾಲ್ಕು, ಆಮೇಲೆ ಅರ್ಧ ಬಟ್ಟಲು. ಒಂದು ತಿಂಗಳಾಗುತ್ತ ಬಂದ ಒಂದು ಬೆಳಿಗ್ಗೆ ಪೂರ್ತಿ ಬಟ್ಟಲು ಮುಗಿಸಿ, ಇನ್ನು ತಡವೇಕೆಂದು ಉಳಿದ ಹಲ್ಲುಗಳಿಂದ ನನ್ನ ಬೆರಳನ್ನೇ ಕಚ್ಚಿದಳು. ನಾನು ಕೂಗಿಕೊಂಡದ್ದಕ್ಕೆ ಹೆಂಡತಿ ಹೊಲಿಗೆ ಯಂತ್ರ ಬಿಟ್ಟು ಓಡಿಬಂದಳು. ರಕ್ತ ಒಸರುವ ಬೆರಳನ್ನು ಮುಂದೆ ಚಾಚಿದೆ. ಅವಳು ಬೆರಳನ್ನು ದಾಟಿ ಹೋಗಿ ಅಮ್ಮಣ್ಣಿಯನ್ನು ಎತ್ತಿಕೊಂಡಳು. ಒಂದು ಕೈಯನ್ನು ಹೊಟ್ಟೆಯಡಿ ಕೊಟ್ಟು, ಇನ್ನೊಂದನ್ನು ಬೆನ್ನ ಮೇಲೆ ಆಡಿಸಿದಳು. ತಿಂಗಳಿಂದ ಕಾಣದಿದ್ದ ನಗು ಅವಳ ಮುಖಕ್ಕೆ ಬಂತು.

“ಎಷ್ಟಿರಬಹುದು?” ಎಂದು ಕೇಳಿದೆ. ಇಪ್ಪತ್ತೆರಡು ವರ್ಷದ ವೇಬ್ರಿಡ್ಜ್ ಒಬ್ಬ ದರ್ಜಿಯ ಕೈಯನ್ನು ತೂಕ ಕೇಳಿತು.

“ಮೂರೂ ಕಾಲು.”

ಅಂದೇ ಸಂಜೆ ಡಾಕ್ಟರಮ್ಮನ ಮೇಜಿನ ಮೇಲೆ ಅಮ್ಮಣ್ಣಿ ಮೂರು ಕೆಜಿ ಇನ್ನೂರೈವತ್ತು ಗ್ರಾಂ ತೂಗಿದಳು. ಒಂದು ಗ್ರಾಂ ಆಚೆಯಿಲ್ಲ, ಈಚೆಯಿಲ್ಲ. ಡಾಕ್ಟರಮ್ಮ ಸಂತೋಷದಿಂದ ಬರೆದುಕೊಂಡು, ನನ್ನ ಕಡೆ ತಿರುಗಿ, ಬಂದದ್ದೇ ಬಂದಿರಿ ನೀವೂ ನಿಲ್ಲಿ ಎಂದು ಮೂಲೆಯ ಯಂತ್ರವನ್ನು ತೋರಿಸಿದರು. ನಾನು ಹೊತ್ತಾಯಿತು, ಲಾರಿಗಳು ಕಾಯುತ್ತಿರುತ್ತವೆ ಎಂದೇನೋ ತೊದಲಿದೆ. ತಿಂಗಳಿಡೀ ರೋಗಿಯ ಪಾಲನ್ನು ಮುಟ್ಟಿರಲಿಲ್ಲ ಎಂಬುದು ನಿಜ. ಆದರೆ ಗೋದಾಮಿನ ಎದುರಿನ ಬೇಕರಿಯ ವಿಷಯ ಚೀಟಿಯಲ್ಲಿ ಎಲ್ಲೂ ಬರೆದಿರಲಿಲ್ಲ.

ಹೆಂಡತಿ ಹತ್ತಿರ ಬಂದು, ಎಲ್ಲರ ಎದುರಿಗೇ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಒಂದು ಕ್ಷಣ ಕಣ್ಣು ಮುಚ್ಚಿದಳು.

“ಎಪ್ಪತ್ತೈದೂವರೆ” ಎಂದಳು.

ಯಂತ್ರ ಹತ್ತಿ ನಿಂತೆ. ಅದೂ ಅದನ್ನೇ ಹೇಳಿತು.